ವಯಸ್ಸಾದವರ ಹೊಟ್ಟೆನೋವು: ಜ್ವರ ಇಲ್ಲ, ಕೌಂಟ್ ನಾರ್ಮಲ್, ಆದರೂ ಗಾಲ್‌ಬ್ಲಾಡರ್ ಇರಬಹುದಾ?

ನೈಟ್‌ಡ್ಯೂಟಿ_ಪಿಜಿ:

ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎರಡನೇ ವರ್ಷದ ಪಿಜಿ ನಾನು. ಒಂದು ವಿಷಯ ತಲೆ ತಿನ್ನುತ್ತಿದೆ, ಅನುಭವ ಇರುವವರು ದಯವಿಟ್ಟು ಹೇಳಿ.

ನಲವತ್ತರ ಆಸುಪಾಸಿನವರು ಬಂದು, ಊಟ ಆದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು, ಬೆನ್ನಿಗೆ ಹೋಗುತ್ತದೆ, ವಾಂತಿ ಆಯಿತು, ಜ್ವರ ಇದೆ ಅಂದರೆ ನನಗೆ ಗೊಂದಲ ಇಲ್ಲ. ಅಲ್ಲಿ ಕೈ ಒತ್ತಿ ಹಿಡಿದು ಉಸಿರು ಎಳೆದುಕೊಳ್ಳಿ ಅಂದರೆ ನೋವಿಗೆ ಅರ್ಧಕ್ಕೇ ನಿಲ್ಲಿಸುತ್ತಾರೆ, ಮರ್ಫಿ ಸೈನ್ ಅಂದರೆ ಇದೇ. ಸರ್ಜನ್‌ಗೆ ಫೋನ್ ಮಾಡಿದರೆ ಮುಗೀತು.

75, 80 ದಾಟಿದವರ ಕಥೆಯೇ ಬೇರೆ. "ಎರಡು ದಿನದಿಂದ ಊಟ ಸೇರುತ್ತಿಲ್ಲ", "ಎದ್ದು ಓಡಾಡುತ್ತಿಲ್ಲ", "ನಿನ್ನೆಯಿಂದ ಮಾತು ಒಂಥರಾ ಆಗಿದೆ" ಅಂತ ಕರೆದುಕೊಂಡು ಬರುತ್ತಾರೆ. ಹೊಟ್ಟೆ ಮುಟ್ಟಿದರೆ ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ನೋವು, ಅಥವಾ ಎಲ್ಲೂ ಇಲ್ಲ. ಜ್ವರ ಇಲ್ಲ, ಡಬ್ಲ್ಯೂಬಿಸಿ (ಬಿಳಿ ರಕ್ತಕಣ) ಕೌಂಟ್ ಒಂಬತ್ತು ಸಾವಿರ, ಮರ್ಫಿ ಸೈನ್ ನೆಗೆಟಿವ್. ಇಷ್ಟು ಇದ್ದರೆ ಗಾಲ್‌ಬ್ಲಾಡರ್ (ಪಿತ್ತಕೋಶ) ಉರಿಯೂತವನ್ನು ಲಿಸ್ಟಿನಿಂದ ಹೊಡೆದುಹಾಕಬಹುದಾ? ಈ ಉರಿಯೂತ ಗುರುತಿಸಲು ಬಳಸುವ ಟೋಕಿಯೋ ಮಾನದಂಡ ಇಂಥವರಿಗೆ ಎಷ್ಟು ಉಪಯೋಗ? ಮೊದಲು ಅಲ್ಟ್ರಾಸೌಂಡಾ, ಸೀದಾ ಸಿಟಿಯಾ? ನಮ್ಮಲ್ಲಿ ಒಬ್ಬೊಬ್ಬ ಸೀನಿಯರ್ ಒಂದೊಂದು ಹೇಳುತ್ತಾರೆ.


ಹಳೇಸ್ಟೆತ್:

ಮೊದಲ ಪ್ರಶ್ನೆಗೆ ನೇರ ಉತ್ತರ: ಹೊಡೆದುಹಾಕಲು ಆಗುವುದಿಲ್ಲ. ಮೂರನ್ನೂ ಸೇರಿಸಿದರೂ ಆಗುವುದಿಲ್ಲ.

1997ರಲ್ಲಿ ಒಂದು ಅಧ್ಯಯನ ಬಂದಿತ್ತು. ಅಕ್ಯೂಟ್ ಕೋಲಿಸಿಸ್ಟೈಟಿಸ್ (ಪಿತ್ತಕೋಶದ ದಿಢೀರ್ ಉರಿಯೂತ) ಆಗಿ ಎಮರ್ಜೆನ್ಸಿಗೆ ಬಂದಿದ್ದ 168 ಹಿರಿಯರ ದಾಖಲೆ ತೆಗೆದು ನೋಡಿದ್ದು. ಅವರಲ್ಲಿ 56% ಜನಕ್ಕೆ ಜ್ವರ ಇರಲಿಲ್ಲ. 41% ಜನರಲ್ಲಿ ಬಿಳಿ ರಕ್ತಕಣ ಏರಿರಲಿಲ್ಲ. 13% ಜನಕ್ಕೆ ಜ್ವರವೂ ಇಲ್ಲ, ರಕ್ತಪರೀಕ್ಷೆಗಳೂ ಪೂರ್ತಿ ನಾರ್ಮಲ್. ಅಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಬ್ಬರು. ಹಳೇ ಕಡತ ತಿರುವಿ ಮಾಡಿದ ಅಧ್ಯಯನ, ಅದಕ್ಕೆ ಅದರದ್ದೇ ಮಿತಿ ಇದೆ, ಒಪ್ಪಿದೆ. ಆದರೆ ಕ್ಯಾಶುವಾಲ್ಟಿಯಲ್ಲಿ ನಿತ್ಯ ಕಾಣುವುದೂ ಇದೇ ಅಲ್ವಾ?

ಮರ್ಫಿ ಸೈನ್ ಕೂಡ ಹಾಗೇ. ಅಮೆರಿಕದ ಸರ್ಜನ್ ಜಾನ್ ಮರ್ಫಿ 1903ರಲ್ಲಿ ವಿವರಿಸಿದ್ದು, ಇವತ್ತಿಗೂ ಒಳ್ಳೆಯ ಪರೀಕ್ಷೆಯೇ. ಪಾಸಿಟಿವ್ ಬಂದರೆ ಗಂಭೀರವಾಗಿ ತಗೊಳ್ಳಿ. ನೆಗೆಟಿವ್ ಬಂದರೆ ಮಾತ್ರ ಅದಕ್ಕೆ ಬೆಲೆ ಕೊಡಬೇಡಿ, ಯಾಕೆಂದರೆ ವಯಸ್ಸಾದವರಲ್ಲಿ ಅಳೆದು ನೋಡಿದಾಗ ಅದು ಹಿಡಿದದ್ದು ಸುಮಾರು ಅರ್ಧದಷ್ಟು ಜನರನ್ನು ಮಾತ್ರ. ನಾಣ್ಯ ಚಿಮ್ಮಿದ ಹಾಗೆ.

ಯಾಕೆ ಹೀಗೆ ಅನ್ನುವುದು ಗೊತ್ತಿದ್ದರೆ ಬೆಡ್ ಪಕ್ಕದಲ್ಲಿ ಸಹಾಯ ಆಗುತ್ತದೆ. ಹೊಟ್ಟೆಯ ಮಾಂಸಖಂಡ ತೆಳುವಾಗಿರುತ್ತದೆ, ಹಾಗಾಗಿ ಒಳಗೆ ಎಷ್ಟೇ ಕೆರಳಿದ್ದರೂ ಹೊಟ್ಟೆ ಗಟ್ಟಿ ಆಗುವುದಿಲ್ಲ. ವರ್ಷಗಟ್ಟಲೆ ಶುಗರ್ ಇದ್ದರೆ ನರಗಳು ನೋವನ್ನೇ ಸರಿಯಾಗಿ ಮುಟ್ಟಿಸುವುದಿಲ್ಲ. ಬೀಟಾ ಬ್ಲಾಕರ್ ತಿನ್ನುವವರ ನಾಡಿ 100 ದಾಟುವುದೇ ಇಲ್ಲ, ಮಂಡಿನೋವಿಗೆ ಅಂತ ದಿನಾ ನೋವಿನ ಮಾತ್ರೆ ನುಂಗುವವರಿಗೆ ಜ್ವರ ಏಳುವುದಿಲ್ಲ, ಸ್ಟೆರಾಯ್ಡ್ ಇದ್ದರಂತೂ ಜ್ವರ ನೋವು ಎರಡೂ ಮುಚ್ಚಿಹೋಗುತ್ತವೆ, ಜೊತೆಗೆ ಬಿಳಿ ರಕ್ತಕಣ ಸ್ಟೆರಾಯ್ಡಿನಿಂದಲೇ ಏರಿರುತ್ತದೆ, ಅದನ್ನು ಹೇಗೆ ಓದುವುದು ಅನ್ನುವುದು ಇನ್ನೊಂದು ತಲೆನೋವು. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಪಿತ್ತಕೋಶದ ಗೋಡೆ ಗ್ಯಾಂಗ್ರೀನ್ ಆಗಿ ನರ ಸತ್ತರೆ ನೋವು ಕಡಿಮೆ ಆಗುತ್ತದೆ. ನಿನ್ನೆ ನೋವಿತ್ತು, ಇವತ್ತು ಪರವಾಗಿಲ್ಲ, ಆದರೆ ಮುಖ ಬಾಡಿದೆ, ಬಿಪಿ ಇಳಿದಿದೆ ಅಂದರೆ ಅದು ಗುಣ ಆದದ್ದಲ್ಲ.

ಟೋಕಿಯೋ ಬಗ್ಗೆ. 2007ರಲ್ಲಿ ಬಂತು, 2013 ಮತ್ತು 2018ರಲ್ಲಿ ತಿದ್ದಿದರು. ಎ ಗುಂಪಿನಲ್ಲಿ ಹೊಟ್ಟೆಯ ಲಕ್ಷಣ: ಮರ್ಫಿ, ಬಲ ಮೇಲ್ಭಾಗದ ನೋವು, ಗಡ್ಡೆ ಅಥವಾ ಒತ್ತಿದರೆ ನೋವು. ಬಿ ಗುಂಪಿನಲ್ಲಿ ಮೈಯ ಲಕ್ಷಣ: ಜ್ವರ, ಸಿಆರ್‌ಪಿ (ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನ್), ಬಿಳಿ ರಕ್ತಕಣ. ಸಿ ಅಂದರೆ ಸ್ಕ್ಯಾನ್. ಅನುಮಾನ ಅನ್ನಲೂ ಎಯಲ್ಲಿ ಒಂದು, ಬಿಯಲ್ಲಿ ಒಂದು ಬೇಕು. ನೀವು ಹೇಳಿದ ರೋಗಿ ಅಲ್ಲೇ ಸೋರಿಹೋಗುತ್ತಾರೆ, ನೋಡಿ. ಈ ಮಾನದಂಡ ರೋಗಕ್ಕೆ ಹೆಸರು ಕೊಡಲು, ತೀವ್ರತೆ ಅಳೆಯಲು ಚೆನ್ನಾಗಿದೆ. ಯಾರನ್ನು ಸ್ಕ್ಯಾನ್‌ಗೆ ಕಳಿಸಬೇಕು ಅಂತ ತೀರ್ಮಾನಿಸುವ ಜಾಗದಲ್ಲಿ ಅದನ್ನು ಬಾಗಿಲು ಕಾಯಲು ನಿಲ್ಲಿಸಬೇಡಿ. ಒಂದು ಕಿವಿಮಾತು: ಸಿಆರ್‌ಪಿ ಕಳಿಸಿ. ಕೌಂಟ್ ಸುಮ್ನೆ ಕೂತಿದ್ದಾಗಲೂ ಸಿಆರ್‌ಪಿ ಎಷ್ಟೋ ಸಲ ಏರಿರುತ್ತದೆ, ಟೋಕಿಯೋ ಪ್ರಕಾರ ಡೆಸಿಲೀಟರಿಗೆ 3 ಮಿಲಿಗ್ರಾಂ ಆದರೆ ಸಾಕು. ಅದೂ ನಾರ್ಮಲ್ ಬಂತು ಅಂತ ಸಮಾಧಾನ ಪಡುವ ಹಾಗಿಲ್ಲ, ಮೊದಲ ಕೆಲವು ಗಂಟೆಗಳಲ್ಲಿ ಅದು ಇನ್ನೂ ಏರಿರುವುದಿಲ್ಲ.

ಇಷ್ಟಕ್ಕೂ ಮೊದಲು ಇಸಿಜಿ. ಮೇಲ್ಹೊಟ್ಟೆ ನೋವು, ವಾಂತಿ ಅಂತ ಬಂದ ಹಿರಿಯರಿಗೆ ಮೊದಲ ಹತ್ತು ನಿಮಿಷದಲ್ಲಿ ಇಸಿಜಿ ಆಗಲೇಬೇಕು, ಹೃದಯದ ಕೆಳಗೋಡೆಯ ಅಟ್ಯಾಕ್ ಹೀಗೇ ಬರುತ್ತದೆ. ಉಲ್ಟಾ ಕೂಡ ಇದೆ: ಪಿತ್ತಕೋಶ ಉರಿದಾಗ ಇಸಿಜಿಯಲ್ಲಿ ಟಿ ಅಲೆ ತಿರುಗುವುದು, ಎಸ್‌ಟಿ ಬದಲಾಗುವುದು ಉಂಟು. ಸೆಪ್ಸಿಸ್‌ನಲ್ಲಿ (ಸೋಂಕು ಮೈಗೆಲ್ಲಾ ಏರಿದಾಗ) ಟ್ರೋಪೋನಿನ್, ಅಂದರೆ ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ, ಸ್ವಲ್ಪ ಏರುವುದೂ ಉಂಟು. ಕಾರ್ಡಿಯಾಲಜಿಯವರು ನೋಡಿ ನಮ್ಮದಲ್ಲ ಅಂದ ಮೇಲೆ ಹೊಟ್ಟೆಗೆ ವಾಪಸ್ ಬರಬೇಕು, ಅದನ್ನೇ ಜನ ಮರೆಯುವುದು.


ಕತ್ತಲೆಕೋಣೆ:

ರೇಡಿಯಾಲಜಿ ಕಡೆಯಿಂದ. ಮೇಲಿನವರು ಹೇಳಿದ್ದು ಅರ್ಧ ಕಥೆ. ಇನ್ನರ್ಧ ಏನು ಅಂದರೆ, ವಯಸ್ಸಾದವರಲ್ಲಿ ರೋಗವನ್ನು ಬಿಟ್ಟುಬಿಡುವುದು ಎಷ್ಟು ಸುಲಭವೋ ಇಲ್ಲದ ರೋಗವನ್ನು ಹಚ್ಚುವುದೂ ಅಷ್ಟೇ ಸುಲಭ. ವಯಸ್ಸು ಏರಿದಂತೆ ಪಿತ್ತಕಲ್ಲು ಜಾಸ್ತಿ, ಅದರಲ್ಲಿ ಬಹುಪಾಲು ತೊಂದರೆ ಕೊಡದೆ ಸುಮ್ಮನೆ ಕೂತಿರುವ ಕಲ್ಲು. ಸ್ಕ್ಯಾನ್‌ನಲ್ಲಿ ಕಲ್ಲು ಕಂಡ ತಕ್ಷಣ "ಸಿಕ್ಕಿತು" ಅಂತ ಹುಡುಕಾಟ ನಿಲ್ಲಿಸಿದರೆ, ನಿಜವಾದ ಕಾರಣ, ಕರುಳಿನ ರಕ್ತನಾಳ ಕಟ್ಟಿದ್ದೋ, ಬಲ ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾವೋ, ಹಾಗೇ ಉಳಿದುಬಿಡುತ್ತದೆ.

ಗೋಡೆ ದಪ್ಪ ಆಗಿದೆ ಅನ್ನುವುದೂ ಅಷ್ಟೇ. 3 ಮಿಲಿಮೀಟರ್ ದಾಟಿದರೆ ದಪ್ಪ ಅನ್ನುತ್ತೇವೆ, ಟೋಕಿಯೋದವರು 4 ಅನ್ನುತ್ತಾರೆ. ಆದರೆ ಹಾರ್ಟ್ ಫೇಲ್ಯೂರ್, ಸಿರೋಸಿಸ್, ಕಿಡ್ನಿ ವೈಫಲ್ಯ, ಆಲ್ಬುಮಿನ್ ಕಡಿಮೆ, ಹೆಪಟೈಟಿಸ್, ಡೆಂಗಿ, ಇದರಲ್ಲೆಲ್ಲಾ ಗೋಡೆ ಊದುತ್ತದೆ. ಊಟ ಮಾಡಿ ಬಂದವರಲ್ಲಿ ಪಿತ್ತಕೋಶ ಕುಗ್ಗಿ ಗೋಡೆ ದಪ್ಪ ಕಾಣುತ್ತದೆ. 80 ದಾಟಿದವರಲ್ಲಿ ಇವುಗಳಲ್ಲಿ ಒಂದಾದರೂ ಇಲ್ಲದವರು ಅಪರೂಪ.

ಹಾಗಾದರೆ ನಾನು ಏನನ್ನು ನಂಬುತ್ತೇನೆ? ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಹಾಕಿಕೊಂಡ ಕಲ್ಲು, ರೋಗಿಯನ್ನು ಎಡ ಮಗ್ಗುಲಿಗೆ ತಿರುಗಿಸಿದರೂ ಕದಲದ್ದು. ಬಿಗಿದು ಉಬ್ಬಿದ ಪಿತ್ತಕೋಶ, ಅಡ್ಡ ಅಳತೆ 4 ಸೆಂಟಿಮೀಟರ್, ಉದ್ದ 8 ದಾಟಿದ್ದು. ಸುತ್ತ ನೀರು. ಮತ್ತೆ ಪ್ರೋಬನ್ನು ಸರಿಯಾಗಿ ಪಿತ್ತಕೋಶದ ಮೇಲೇ ಇಟ್ಟು ಒತ್ತಿದಾಗ ಅಲ್ಲೇ ಅತಿ ಜಾಸ್ತಿ ನೋವು, ಪಕ್ಕಕ್ಕೆ ಸರಿಸಿದರೆ ಕಡಿಮೆ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಸಿಕ್ಕರೆ ಧೈರ್ಯವಾಗಿ ಬರೆಯುತ್ತೇನೆ. ಬರೀ ಕಲ್ಲು ಅಥವಾ ಬರೀ ದಪ್ಪ ಗೋಡೆ ಇದ್ದರೆ "ರೋಗಿಯ ಜೊತೆ ಹೊಂದಿಸಿ ನೋಡಿ" ಅಂತ ಬರೆಯುತ್ತೇನೆ. ನೀವು ಬೈದುಕೊಳ್ಳುತ್ತೀರಿ ಅಂತ ಗೊತ್ತು.

ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಅಲ್ಟ್ರಾಸೌಂಡ್ ಈ ರೋಗವನ್ನು ಹಿಡಿಯುವುದು ಸುಮಾರು 80% ಮಾತ್ರ. ಕಲ್ಲನ್ನು ಹಿಡಿಯುವುದರಲ್ಲಿ ಅದು ತುಂಬಾ ಚುರುಕು, ಉರಿಯೂತ ಹಿಡಿಯುವುದರಲ್ಲಿ ಅಷ್ಟಿಲ್ಲ. ಸಿಟಿಯ ಕಷ್ಟ ಬೇರೆ: ಕೊಲೆಸ್ಟರಾಲ್ ಕಲ್ಲು ಪಿತ್ತರಸದಷ್ಟೇ ಸಾಂದ್ರ ಇದ್ದರೆ ಸಿಟಿಯಲ್ಲಿ ಕಾಣುವುದೇ ಇಲ್ಲ. "ಸಿಟಿಯಲ್ಲಿ ಕಲ್ಲಿಲ್ಲ, ಹಾಗಾಗಿ ಗಾಲ್‌ಬ್ಲಾಡರ್ ಅಲ್ಲ" ಅನ್ನುವ ವಾದಕ್ಕೆ ಕಾಲಿಲ್ಲ. ಇನ್ನು ಕಲ್ಲೇ ಇಲ್ಲದೆ ಬರುವ ಉರಿಯೂತವೂ ಇದೆ, ಒಟ್ಟು ಕೇಸುಗಳಲ್ಲಿ 5ರಿಂದ 10%. ದೊಡ್ಡ ಆಪರೇಷನ್ ಆದವರು, ಐಸಿಯುನಲ್ಲಿ ಇದ್ದವರು, ತುಂಬಾ ದಿನ ಬಾಯಿಂದ ಊಟ ಇಲ್ಲದವರು, ಶುಗರ್ ಇರುವ ವೃದ್ಧರು, ಇಂಥವರಲ್ಲಿ.

ಆಮೇಲೆ ಒಂದು ಬೇಡಿಕೆ. ರಿಕ್ವೆಸ್ಟ್ ಫಾರ್ಮಿನಲ್ಲಿ "ಹೊಟ್ಟೆನೋವು" ಅಂತ ಒಂದೇ ಪದ ಬರೆದು ಕಳಿಸಬೇಡಿ. ನೋವಿನ ಇಂಜೆಕ್ಷನ್ ಕೊಟ್ಟಿದ್ದೀರಾ, ಗೊಂದಲ ಇದೆಯಾ, ಹಾರ್ಟ್ ಫೇಲ್ಯೂರ್ ಇದೆಯಾ, ನಿಮಗೆ ಯಾವುದರ ಅನುಮಾನ, ಎರಡು ಸಾಲು ಬರೆದರೆ ನಾನು ನೋಡುವ ರೀತಿಯೇ ಬದಲಾಗುತ್ತದೆ.


ಟ್ರಯಾಜ್_ಅಕ್ಕ:

ನಾನು ನರ್ಸ್. ಡಾಕ್ಟರುಗಳು ಹೊಟ್ಟೆ ನೋಡುವಾಗ ಪಕ್ಕದಲ್ಲಿ ನಿಂತು ಕಂಡದ್ದನ್ನು ಹೇಳುತ್ತೇನೆ.

ಕಿವಿ ಸರಿಯಾಗಿ ಕೇಳದ, ಮರೆವಿನ ಕಾಯಿಲೆ ಇರುವ ಅಜ್ಜಿಗೆ "ಉಸಿರು ಎಳೆದುಕೊಳ್ಳಿ" ಅಂದರೆ ಅವರು ಸುಮ್ಮನೆ ನಿಮ್ಮನ್ನೇ ನೋಡುತ್ತಾರೆ. ಅದನ್ನು ಮರ್ಫಿ ನೆಗೆಟಿವ್ ಅಂತ ಬರೆದುಬಿಡುತ್ತೀರಿ. ಅದು ನೆಗೆಟಿವ್ ಅಲ್ಲ, ಪರೀಕ್ಷೆ ಆಗಲೇ ಇಲ್ಲ. "ಮಾಡಲು ಆಗಲಿಲ್ಲ" ಅಂತ ಬರೆಯಿರಿ ಸರ್. ಅಂಥವರಲ್ಲಿ ಮುಖ ನೋಡಬೇಕು. ಬಲಗಡೆ ಒತ್ತಿದಾಗ ಹುಬ್ಬು ಗಂಟಾಗುತ್ತದಾ, ನಿಮ್ಮ ಕೈ ಹಿಡಿದು ತಳ್ಳುತ್ತಾರಾ, ಎಡಗಡೆ ಒತ್ತಿದಾಗ ಹಾಗೆ ಮಾಡುತ್ತಾರಾ. ಮಗ್ಗುಲು ಬದಲಿಸುವಾಗ ನಮಗೆ ಗೊತ್ತಾಗುವುದು ನಿಮಗೆ ಗೊತ್ತಾಗುವುದಿಲ್ಲ, ನಮ್ಮನ್ನೂ ಒಂದು ಮಾತು ಕೇಳಿ.

ಜ್ವರದ ವಿಷಯ. ಬಾಯಿ ತೆರೆದು ಉಸಿರಾಡುತ್ತಿರುವವರ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ಕಡಿಮೆಯೇ ತೋರಿಸುತ್ತದೆ. ಕಂಕುಳಲ್ಲಿ ಇಟ್ಟರೆ ಇನ್ನೂ ಕಡಿಮೆ. ವಯಸ್ಸಾದವರ ಮಾಮೂಲಿ ಮೈಶಾಖವೇ ಕಡಿಮೆ ಇರುತ್ತದೆ. ಅಮೆರಿಕದ ಸೋಂಕುರೋಗ ತಜ್ಞರ ಸಂಘ ಆರೈಕೆ ಕೇಂದ್ರಗಳಲ್ಲಿರುವ ವೃದ್ಧರಿಗೆ 2008ರಲ್ಲಿ ಕೊಟ್ಟ ಸೂಚನೆ ಪ್ರಕಾರ, ಬಾಯಲ್ಲಿ ಒಂದು ಸಲ 37.8 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ, ಅಥವಾ ಅವರ ಮಾಮೂಲಿಗಿಂತ 1.1 ಡಿಗ್ರಿ ಏರಿದರೂ ಜ್ವರ. 38.3 ಬರಲಿ ಅಂತ ಕಾಯುತ್ತಾ ಕೂತರೆ ಬೆಳಗಾಗುತ್ತದೆ.

ಮಾತ್ರೆ ಚೀಟಿ ಕೇಳುವುದಕ್ಕಿಂತ ಮಾತ್ರೆ ಚೀಲವನ್ನೇ ತರಿಸಿ ನೋಡಿ. ಚೀಟಿಯಲ್ಲಿ ಇಲ್ಲದ ನೋವಿನ ಮಾತ್ರೆ ಚೀಲದಲ್ಲಿ ಇರುತ್ತದೆ.


ಹೊಲಿಗೆಯವನು:

ಸರ್ಜನ್ ನಾನು. ರೇಡಿಯಾಲಜಿ ಮಿತ್ರರು ಅಲ್ಟ್ರಾಸೌಂಡ್ ಮೊದಲು ಅಂತ ಬಾಯಿಬಿಟ್ಟು ಹೇಳಿಲ್ಲ, ಆದರೆ ಪುಸ್ತಕದಲ್ಲಿ ಹಾಗೇ ಇದೆ. ನೋವು ಬಲ ಮೇಲ್ಭಾಗದಲ್ಲೇ ಇದ್ದರೆ ನಾನೂ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರ ರೋಗಿ ಬೇರೆ ತರಹ. ನೋವು ಎಲ್ಲಿ ಅಂತ ಗೊತ್ತಿಲ್ಲ, ವಯಸ್ಸು 80, ಗೊಂದಲದಲ್ಲಿದ್ದಾರೆ. ಆ ಹೊಟ್ಟೆಯಲ್ಲಿ ಅಯೋರ್ಟಾ (ಮುಖ್ಯ ರಕ್ತನಾಳ) ಉಬ್ಬಿ ಸೋರುತ್ತಿರಬಹುದು, ಅಲ್ಸರ್ ತೂತಾಗಿರಬಹುದು, ಕರುಳು ಸಿಕ್ಕಿಕೊಂಡಿರಬಹುದು, ಕರುಳಿಗೆ ರಕ್ತ ನಿಂತಿರಬಹುದು. ಅಲ್ಟ್ರಾಸೌಂಡ್‌ನಲ್ಲಿ ಇದರಲ್ಲಿ ಹೆಚ್ಚಿನದು ಸಿಗುವುದಿಲ್ಲ. ಅಂಥವರಿಗೆ ನಾನು ಕಾಂಟ್ರಾಸ್ಟ್ ಸಿಟಿಯನ್ನೇ (ರಕ್ತನಾಳಕ್ಕೆ ಔಷಧಿ ಕೊಟ್ಟು ಅಂಗಗಳು ಎದ್ದು ಕಾಣುವ ಹಾಗೆ ಮಾಡುವ ಸಿಟಿ) ಕೇಳುತ್ತೇನೆ. ಗೋಡೆಯಲ್ಲಿ ಗಾಳಿ, ಗೋಡೆಗೆ ಕಾಂಟ್ರಾಸ್ಟ್ ಹತ್ತದೇ ಇರುವುದು, ಒಡೆದು ಪಕ್ಕದಲ್ಲಿ ಕೀವು, ಕಲ್ಲು ಕರುಳಿಗೆ ಜಾರಿ ಅಡ್ಡ ಕೂತಿರುವುದು, ಇವೆಲ್ಲ ಸಿಟಿಯಲ್ಲಿ ಚೆನ್ನಾಗಿ ಕಾಣುತ್ತವೆ, ಮತ್ತು ಇವೆಲ್ಲ ಶುಗರ್ ಇರುವ ವೃದ್ಧರಲ್ಲೇ ಜಾಸ್ತಿ.

ಕ್ರಿಯಾಟಿನಿನ್ 1.8 ಇದೆ, ಕಿಡ್ನಿ ಸರಿ ಇಲ್ಲ, ಕಾಂಟ್ರಾಸ್ಟ್ ಕೊಡಲ್ಲ ಅನ್ನುವ ಜಗಳ ಪ್ರತಿ ರಾತ್ರಿ ಇದ್ದದ್ದೇ. ಹೊಟ್ಟೆಯೊಳಗಿನ ಸೆಪ್ಸಿಸ್ ಬಿಟ್ಟರೆ ಕಿಡ್ನಿ ಹೇಗೂ ಉಳಿಯುವುದಿಲ್ಲ. ಲಾಭ ನಷ್ಟ ತೂಗಿ ಮನೆಯವರಿಗೆ ಹೇಳಿ ಮಾಡಿಸಿ.

ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್, ಲಿವರ್ ಎನ್‌ಜೈಮ್, ಲೈಪೇಸ್ ಬಿಡಬೇಡಿ. ಬರೀ ಕೋಲಿಸಿಸ್ಟೈಟಿಸ್‌ನಲ್ಲಿ ಬಿಲಿರುಬಿನ್ ಏರಿದರೂ ಸ್ವಲ್ಪವೇ. ಜಾಸ್ತಿ ಏರಿದ್ದರೆ ಮುಖ್ಯ ಪಿತ್ತನಾಳದಲ್ಲಿ ಕಲ್ಲಿದೆಯಾ, ಕೊಲಾಂಜೈಟಿಸ್ (ಪಿತ್ತನಾಳದ ಸೋಂಕು) ಆಗಿದೆಯಾ ನೋಡಬೇಕು. ಅದರ ದಾರಿಯೇ ಬೇರೆ, ಅಲ್ಲಿ ಮೊದಲು ನಾಳ ಬಿಡಿಸಬೇಕು.

ಇನ್ನೊಂದು, ನನ್ನ ಮಟ್ಟಿಗೆ ಇದು ದೊಡ್ಡದು: ಎಲ್ಲಾ ರುಜುವಾತು ಆದ ಮೇಲೆ ನಮ್ಮನ್ನು ಕರೆಯೋಣ ಅಂತ ಕಾಯಬೇಡಿ. "ವಯಸ್ಸಾಗಿದೆ, ಆಪರೇಷನ್ ಹೇಗೂ ಮಾಡಲ್ಲ, ಆ್ಯಂಟಿಬಯಾಟಿಕ್ ಹಾಕಿ ನೋಡೋಣ" ಅನ್ನುವುದು ಹಳೇ ಲೆಕ್ಕ. 2018ರಲ್ಲಿ ನೆದರ್ಲೆಂಡ್ಸ್‌ನಿಂದ ಚಾಕೊಲೇಟ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. ಹೆಚ್ಚು ಅಪಾಯದ 142 ರೋಗಿಗಳಲ್ಲಿ ಕೆಲವರಿಗೆ ಲ್ಯಾಪರೋಸ್ಕೋಪಿ ಆಪರೇಷನ್, ಕೆಲವರಿಗೆ ಚರ್ಮದ ಮೂಲಕ ಪಿತ್ತಕೋಶಕ್ಕೆ ಟ್ಯೂಬ್ ಹಾಕಿ ಬಸಿಯುವುದು. ದೊಡ್ಡ ತೊಡಕುಗಳು ಆಪರೇಷನ್ ಗುಂಪಿನಲ್ಲಿ 12%, ಟ್ಯೂಬ್ ಗುಂಪಿನಲ್ಲಿ 65%. ಸಾವಿನಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ತೀರಾ ಹದಗೆಟ್ಟವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅದನ್ನೂ ಹೇಳಬೇಕು. ಆದರೂ ವಯಸ್ಸೊಂದನ್ನೇ ನೋಡಿ ಬೇಡ ಅನ್ನುವ ಕಾಲ ಹೋಯಿತು. ಬೇಗ ಗೊತ್ತಾದರೆ ನಮಗೆ ದಾರಿಗಳು ಜಾಸ್ತಿ. ಡಯಾಗ್ನೋಸಿಸ್‌ಗೆ ಇಷ್ಟು ಒದ್ದಾಡುವುದು ಅದಕ್ಕೇ.


ಕತ್ತಲೆಕೋಣೆ:

ಸರ್ಜನ್ ಸರ್, ಸಿಟಿ ವಿಷಯದಲ್ಲಿ ಅರ್ಧ ಒಪ್ಪಿದೆ. ಆದರೆ ಸಿಟಿಗೆ ಕರೆದುಕೊಂಡು ಹೋಗುವ ಮೊದಲು ಎಮರ್ಜೆನ್ಸಿಯವರೇ ಬೆಡ್ ಪಕ್ಕ ಎರಡು ನಿಮಿಷ ಪ್ರೋಬ್ ಇಟ್ಟರೆ ಅಯೋರ್ಟಾ ಎಷ್ಟು ದಪ್ಪ ಇದೆ, ಪಿತ್ತಕೋಶ ಉಬ್ಬಿದೆಯಾ, ಹೊಟ್ಟೆಯಲ್ಲಿ ನೀರಿದೆಯಾ ಇಷ್ಟಾದರೂ ಗೊತ್ತಾಗುತ್ತದೆ. ಬಿಪಿ ಇಳಿದವರನ್ನು ಸುಮ್ನೆ ಸಿಟಿ ರೂಮಿಗೆ ತಳ್ಳಿಕೊಂಡು ಹೋಗುವುದಕ್ಕಿಂತ ವಾಸಿ. ಸಿಟಿ ಆದ ಮೇಲೂ ಪಿತ್ತಕೋಶದ ಬಗ್ಗೆ ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಮಾಡಿಸಿ. ಒಂದು ಮಾಡಿದರೆ ಇನ್ನೊಂದು ಮಾಡಬಾರದು ಅಂತ ಎಲ್ಲೂ ಬರೆದಿಲ್ಲ.


ನೈಟ್‌ಡ್ಯೂಟಿ_ಪಿಜಿ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ "ಮಾಡಲು ಆಗಲಿಲ್ಲ" ಅಂತ ಬರೆಯುವುದು ನಿಜಕ್ಕೂ ಒಳ್ಳೆಯದು, ಇವತ್ತಿಂದಲೇ ಶುರು.

ಇನ್ನೆರಡು ಅನುಮಾನ. ನೋವಿನ ಇಂಜೆಕ್ಷನ್ ಕೊಟ್ಟರೆ ಲಕ್ಷಣ ಮುಚ್ಚಿಹೋಗುತ್ತದೆ, ಸರ್ಜನ್ ನೋಡುವ ತನಕ ಕೊಡಬೇಡ ಅಂತ ಈಗಲೂ ಕೆಲವರು ಹೇಳುತ್ತಾರೆ, ಅದು ಸರಿಯಾ? ಮತ್ತೆ, ಅಲ್ಟ್ರಾಸೌಂಡ್ ನಾರ್ಮಲ್, ಸಿಟಿಯಲ್ಲೂ ಏನೂ ದೊಡ್ಡದಿಲ್ಲ, ಆದರೂ ರೋಗಿ ಸರಿ ಕಾಣುತ್ತಿಲ್ಲ. ಆಗ?


ಹೊಲಿಗೆಯವನು:

ನೋವಿಗೆ ಕೊಡಿ. ನಾನು ಬರುವ ತನಕ ನರಳಿಸುವುದರಲ್ಲಿ ಅರ್ಥ ಇಲ್ಲ. ಡೋಸ್ ಮಾತ್ರ ಸಣ್ಣದರಿಂದ ಶುರು ಮಾಡಿ, ವಯಸ್ಸಾದವರಲ್ಲಿ ಉಸಿರು, ಬಿಪಿ ಎರಡೂ ನೋಡಿಕೊಂಡು. ಯಾವಾಗ ಎಷ್ಟು ಕೊಟ್ಟಿರಿ ಅಂತ ಬರೆದಿಟ್ಟರೆ ಸಾಕು.


ಹಳೇಸ್ಟೆತ್:

ಎರಡನೆಯದಕ್ಕೆ: ಮನೆಗೆ ಕಳಿಸಬೇಡಿ. ಇಟ್ಟುಕೊಂಡು ನೋಡಿ. ಕೆಲವು ಗಂಟೆ ಬಿಟ್ಟು ಅದೇ ಕೈ ಮತ್ತೆ ಹೊಟ್ಟೆ ಮುಟ್ಟಬೇಕು. ಶಿಫ್ಟ್ ಬದಲಾಗಿ ಬೇರೆಯವರು ನೋಡಿದರೆ ಮೊದಲು ಹೇಗಿತ್ತು ಅನ್ನುವುದೇ ಗೊತ್ತಾಗುವುದಿಲ್ಲ, ಆಗದಿದ್ದರೆ ಹ್ಯಾಂಡೋವರ್ ಹೊತ್ತಲ್ಲಿ ಇಬ್ಬರೂ ಒಟ್ಟಿಗೆ ನಿಂತು ಮುಟ್ಟಿ. ಸಿಆರ್‌ಪಿ, ಕೌಂಟ್, ಲ್ಯಾಕ್ಟೇಟ್ ಮರುಪರೀಕ್ಷೆ ಮಾಡಿ. ಒಂದು ಸಲದ ಸಂಖ್ಯೆಗಿಂತ ಅದು ಯಾವ ಕಡೆ ಹೋಗುತ್ತಿದೆ ಅನ್ನುವುದು ಜಾಸ್ತಿ ಹೇಳುತ್ತದೆ. ಸೆಪ್ಸಿಸ್ ತರಹ ಕಂಡರೆ ಬ್ಲಡ್ ಕಲ್ಚರ್ ತೆಗೆದು ಆ್ಯಂಟಿಬಯಾಟಿಕ್ ಶುರು ಮಾಡಿ, ಹೆಸರು ಸಿಗುವ ತನಕ ಕಾಯಬೇಡಿ. ಹೊಟ್ಟೆಯ ಹೊರಗೂ ಹುಡುಕಿ: ಮೂತ್ರ, ಎದೆ, ಚರ್ಮ. ಗೊಂದಲಕ್ಕೆ ನೂರು ಕಾರಣ.


ದೂರದ_ಮಗಳು:

ಕ್ಷಮಿಸಿ, ನಾನು ಡಾಕ್ಟರ್ ಅಲ್ಲ. ವಯಸ್ಸಾದ ಅಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ, ಹುಡುಕುತ್ತಾ ಇಲ್ಲಿಗೆ ಬಂದೆ. ನಮ್ಮಂಥವರು ಎಮರ್ಜೆನ್ಸಿಗೆ ಬಂದಾಗ ಏನು ಹೇಳಿದರೆ ನಿಮಗೆ ಉಪಯೋಗ?


ಟ್ರಯಾಜ್_ಅಕ್ಕ:

ಕ್ಷಮೆ ಯಾಕಮ್ಮ, ಒಳ್ಳೆಯ ಪ್ರಶ್ನೆ. ಮಾಮೂಲಿ ದಿನದಲ್ಲಿ ಅಮ್ಮ ಹೇಗಿರುತ್ತಾರೆ ಅಂತ ಹೇಳಿ. ತಾವೇ ಎದ್ದು ಓಡಾಡುತ್ತಾರಾ, ಮಾತು ಸರಿ ಇರುತ್ತದಾ, ಎಷ್ಟು ಊಟ ಮಾಡುತ್ತಾರೆ. ಅದು ಯಾವತ್ತಿಂದ ಬದಲಾಯಿತು ಅಂತ ಹೇಳಿ. ಮೊದಲು ಪಿತ್ತಕಲ್ಲು ಅಂತ ಯಾರಾದರೂ ಹೇಳಿದ್ದರೆ, ಹಳೇ ಸ್ಕ್ಯಾನ್ ರಿಪೋರ್ಟ್ ಇದ್ದರೆ, ಪಿತ್ತಕೋಶ ತೆಗೆಸಿದ್ದರೆ ಅದನ್ನೂ. ಮೂತ್ರ ತುಂಬಾ ಹಳದಿ ಅಥವಾ ಕಂದು ಆಗಿದ್ದರೆ, ನಡುಕ ಬಂದಿದ್ದರೆ ಮರೆಯದೆ ಹೇಳಿ. "ವಯಸ್ಸಾಯಿತಲ್ಲ, ಅದಕ್ಕೇ" ಅಂತ ನೀವೇ ಮೊದಲು ಹೇಳಬೇಡಿ, ಕೇಳಿದವರು ಅದನ್ನೇ ಹಿಡಿದುಕೊಳ್ಳುತ್ತಾರೆ.


ಕತ್ತಲೆಕೋಣೆ:

ಪಿಜಿಯವರ ಎರಡನೇ ಪ್ರಶ್ನೆಗೆ ಒಂದು ಸೇರ್ಪಡೆ. ಎರಡೂ ಸ್ಕ್ಯಾನ್ ಆದ ಮೇಲೂ ಪಿತ್ತಕೋಶದ ಮೇಲೇ ಅನುಮಾನ ಇದ್ದರೆ ಹೈಡಾ ಸ್ಕ್ಯಾನ್ ಇದೆ. ಈ ರೋಗ ಹಿಡಿಯುವುದರಲ್ಲಿ ಅದೇ ಮುಂದೆ, ಸುಮಾರು 96%. ನರಕ್ಕೆ ಕೊಟ್ಟ ವಿಕಿರಣಶೀಲ ಔಷಧಿ ಲಿವರಿಗೆ ಹೋಗಿ ಪಿತ್ತರಸದ ಜೊತೆ ಇಳಿಯುತ್ತದೆ, ನಾಲ್ಕು ಗಂಟೆಯಾದರೂ ಪಿತ್ತಕೋಶ ತುಂಬದಿದ್ದರೆ ನಾಳ ಕಟ್ಟಿದೆ ಅಂತ. ಆದರೆ ಎಲ್ಲಾ ಕಡೆ ಇರುವುದಿಲ್ಲ, ಮಧ್ಯರಾತ್ರಿ ಸಿಗುವುದಿಲ್ಲ, ಹೊತ್ತು ಹಿಡಿಯುತ್ತದೆ. ಎಷ್ಟೋ ದಿನದಿಂದ ಊಟ ಬಿಟ್ಟವರಲ್ಲಿ, ಲಿವರ್ ತೀರಾ ಕೆಟ್ಟವರಲ್ಲಿ ಸುಳ್ಳು ಪಾಸಿಟಿವ್ ಬರುತ್ತದೆ, ಐಸಿಯು ರೋಗಿಯಲ್ಲಿ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಓಪಿಯಾಯ್ಡ್ (ಮಾರ್ಫಿನ್ ತರಹದ ನೋವಿನ ಔಷಧಿ) ಕೊಟ್ಟಿದ್ದರೆ ಎಷ್ಟು ಹೊತ್ತಿಗೆ ಕೊಟ್ಟಿದ್ದು ಅಂತ ನ್ಯೂಕ್ಲಿಯರ್ ಮೆಡಿಸಿನ್‌ನವರಿಗೆ ಮೊದಲೇ ತಿಳಿಸಿ. ಅದರಿಂದ ಪಿತ್ತ ಕರುಳಿಗೆ ಇಳಿಯುವುದು ತಡವಾಗಿ, ಮುಖ್ಯ ನಾಳವೇ ಕಟ್ಟಿದ ಹಾಗೆ ಕಾಣಬಹುದು.